ಮ್ಯಾಪ್ ಡೇಟಾದಲ್ಲಿ ಮೊದಲು ಅಕ್ಷಾಂಶವೋ, ರೇಖಾಂಶವೋ?

ಸಂಪಾದಕರೇ,

ಮ್ಯಾಪ್ ಸಾಫ್ಟ್‌ವೇರ್ ಬರೆಯುವವರಿಗೆ, ಡೇಟಾ ಹಂಚುವವರಿಗೆ ಒಂದು ಮನವಿ. ಒಂದು ಜಾಗಕ್ಕೆ ಎರಡು ಸಂಖ್ಯೆ ಕೊಡುತ್ತೀರಲ್ಲ, ಮೊದಲನೆಯದು ಅಕ್ಷಾಂಶವೋ ರೇಖಾಂಶವೋ ಅಂತ ದಯವಿಟ್ಟು ಬರೆದಿಡಿ. ಜಾಗಗಳನ್ನು ಗುರುತಿಸಲು ಬಳಸುವ ಇಪಿಎಸ್‌ಜಿ 4326 ಎಂಬ ಅಧಿಕೃತ ಪದ್ಧತಿಯ ಪ್ರಕಾರ ಅಕ್ಷಾಂಶ ಮೊದಲು. ಮ್ಯಾಪ್ ಡೇಟಾ ಹಂಚಲು ಬಳಸುವ ಜಿಯೋಜೇಸನ್ ಎಂಬ ಫೈಲ್ ಮಾದರಿಯ 2016ರ ನಿಯಮದಲ್ಲಿ ರೇಖಾಂಶ ಮೊದಲು. ವೆಬ್‌ಸೈಟ್‌ಗಳಲ್ಲಿ ಮ್ಯಾಪ್ ತೋರಿಸುವ ಲೀಫ್ಲೆಟ್ ಎಂಬ ಸಾಫ್ಟ್‌ವೇರ್ ಅಕ್ಷಾಂಶ ಮೊದಲು ಕೇಳಿದರೆ, ಅಂಥದ್ದೇ ಆದ ಓಪನ್‌ಲೇಯರ್ಸ್ ಅದರ ಉಲ್ಟಾ ಕೇಳುತ್ತದೆ. ಎರಡನ್ನೂ ಬಳಸುವವರು ಏನು ಮಾಡಬೇಕು ಹೇಳಿ?

ಪ್ಯಾರಿಸ್‌ನ ಅಕ್ಷಾಂಶ 48.86, ರೇಖಾಂಶ 2.35 ಅದಲು ಬದಲಾದರೆ ಚುಕ್ಕೆ ಸೊಮಾಲಿಯಾ ಪಕ್ಕದ ಸಮುದ್ರಕ್ಕೆ ಬೀಳುತ್ತದೆ, ಆದರೆ ಎರಡೂ ಅಕ್ಷಾಂಶದ ಮಿತಿಯಾದ 90ರ ಒಳಗೇ ಇರುವುದರಿಂದ ಸಾಫ್ಟ್‌ವೇರ್ ಯಾವ ಎರರ್ ಕೂಡ ತೋರಿಸದೆ ಸುಮ್ನೆ ಒಪ್ಪಿಕೊಂಡುಬಿಡುತ್ತದೆ. ಸಮುದ್ರದಲ್ಲಿ ಕಂಡರೆ ಗೊತ್ತಾದರೂ ಆಗುತ್ತದೆ. ಎರಡು ಸಂಖ್ಯೆ ಹತ್ತಿರ ಹತ್ತಿರ ಇದ್ದರೆ ಚುಕ್ಕೆ ಸ್ವಲ್ಪವೇ ಸರಿಯುತ್ತದೆ, ಅದನ್ನು ಹಿಡಿಯುವುದು ಇನ್ನೂ ಕಷ್ಟ ಅಲ್ವಾ? ಆಂಬುಲೆನ್ಸ್‌ನವರು ಇಂಥ ಡೇಟಾ ನಂಬಿ ಹೊರಟರೆ?

ಮ್ಯಾಪ್ ಡೇಟಾ ಓದಲು, ಬದಲಿಸಲು ಬಳಸುವ ಜಿಡಿಎಎಲ್ ಎಂಬ ಸಾಫ್ಟ್‌ವೇರ್‌ನ 2019ರಲ್ಲಿ ಬಂದ 3.0 ಆವೃತ್ತಿ, ಇಪಿಎಸ್‌ಜಿಯಂಥ ಪದ್ಧತಿ ಹೇಳುವ ಅಧಿಕೃತ ಕ್ರಮವನ್ನೇ ಪಾಲಿಸತೊಡಗಿತು. ನನ್ನ ಪ್ರಕಾರ ಸರಿಯಾದ ನಿರ್ಧಾರ, ರೇಖಾಂಶ ಮೊದಲು ಬರುವ ಹಳೆಯ ಕ್ರಮ ಬೇಕೆಂದವರಿಗೆ ಅದರಲ್ಲಿ ಸೆಟ್ಟಿಂಗ್ ಕೂಡ ಇದೆ. ಕಾಲಮ್‌ಗಳಿಗೆ ಬರೀ ಎಕ್ಸ್, ವೈ ಅಂತ ಹೆಸರಿಡಬೇಡಿ. ಅಕ್ಷಾಂಶ, ರೇಖಾಂಶ ಅಂತ ಪೂರ್ತಿ ಬರೆಯಿರಿ, ಜೊತೆಗೆ ಎಲ್ಲರಿಗೂ ಗೊತ್ತಿರುವ ಒಂದು ಜಾಗದ ಸಂಖ್ಯೆಯನ್ನು ಉದಾಹರಣೆಗೆ ಕೊಡಿ.

ಒಬ್ಬ ಓದುಗ