ಡಕ್ಟಿನ ಸದ್ದಿನ ಲೆಕ್ಕ: ಸೊಸೆಗೊಂದು ಪತ್ರ

ಚಿ. ಮೇಘನಾಳಿಗೆ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಬ್ಲೋವರ್ ಗಾಳಿಯ ಹೊಡೆತಕ್ಕೆ ಎಸಿ ಡಕ್ಟಿನ (ಗಾಳಿ ಸಾಗಿಸುವ ತಗಡಿನ ಕೊಳವೆಯ) ತಗಡು ಅದುರಿ ಎಷ್ಟು ಸದ್ದು ಹೊರಹಾಕುತ್ತದೆ ಎಂಬ ವಿಷಯವನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ನನಗೆ ತುಂಬ ಸಂತೋಷ ತಂದಿದೆ. ನೀನು ಕಳಿಸಿದ ಹಾಳೆಗಳನ್ನು ಪೂರ್ತಿ ಓದಿದೆ. ಅಕ್ಸೆಲೆರೋಮೀಟರ್, ಅಂದರೆ ಕಂಪನ ಅಳೆಯುವ ಸೆನ್ಸರ್, ಅಂಟಿಸಿದ ಒಂದೊಂದು ಜಾಗದ ಕಂಪನಕ್ಕೂ ಬೇರೆ ಬೇರೆಯಾಗಿ ಸದ್ದಿನ ಶಕ್ತಿ ಕಂಡುಹಿಡಿದು ಕೊನೆಗೆ ಎಲ್ಲವನ್ನೂ ಕೂಡಿದ್ದೀಯ. ಹಾಗೆ ಕೂಡಬೇಡ ತಾಯಿ.

ತಗಡಿನ ಎರಡೇ ಸಣ್ಣ ತುಂಡುಗಳನ್ನು ತೆಗೆದುಕೊ. ನಡುವೆ 10 ಸೆಂ.ಮೀ. ಅಂತರ, ಆವರ್ತನ 100 ಹರ್ಟ್ಸ್. ಗಾಳಿಯಲ್ಲಿ ಆ ಸದ್ದಿನ ತರಂಗಾಂತರ ಸುಮಾರು 3.4 ಮೀಟರ್. ಎರಡೂ ಒಟ್ಟಿಗೆ ಆಡಿದರೆ ಹೊರಡುವ ಶಕ್ತಿ ಒಂಟಿ ತುಂಡಿನದ್ದರ ಹೆಚ್ಚುಕಡಿಮೆ ನಾಲ್ಕು ಪಟ್ಟು. ಒಂದಕ್ಕೊಂದು ಸಂಬಂಧವೇ ಇಲ್ಲದೆ ಅದುರಿದರೆ ಎರಡು ಪಟ್ಟು. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿದರೆ, ಇದು ತಳ್ಳಿದ ಗಾಳಿಯನ್ನು ಅದು ಎಳೆದುಕೊಂಡುಬಿಡುತ್ತದೆ. ಉಳಿಯುವುದು ಒಂಟಿ ತುಂಡಿನ ಶಕ್ತಿಯ ನೂರರಲ್ಲಿ ಒಂದು ಪಾಲು ಮಾತ್ರ. ಮೂರೂ ಸಲ ಒಂದೊಂದು ಸೆನ್ಸರ್ ಬಿಡಿಯಾಗಿ ತೋರಿಸುವ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಕಂಪನ ಎಂಬ ಚಿತ್ರ) ಒಂದೇ! ನೀನು ಕೂಡಿದ ರೀತಿಯಲ್ಲಿ ಮೂರಕ್ಕೂ ಎರಡು ಪಟ್ಟು ಎಂಬ ಉತ್ತರವೇ ಬರುತ್ತದೆ, ಕೊನೆಯದರಲ್ಲಿ 22 ಡೆಸಿಬೆಲ್ ತಪ್ಪುತ್ತದೆ.

ಆದ್ದರಿಂದ ಪ್ರತಿ ಜೋಡಿಯ ಕ್ರಾಸ್-ಸ್ಪೆಕ್ಟ್ರಮ್, ಅಂದರೆ ಎರಡು ಜಾಗಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡು ಅದುರುತ್ತವೆ ಎಂಬ ಅಳತೆ, ಬೇಕೇ ಬೇಕು. ಅದನ್ನು ಆ ಜೋಡಿಯ ವಿಕಿರಣ ರೋಧದಿಂದ (ಆ ಜೋಡಿಯ ಅದುರುವಿಕೆ ಎಷ್ಟರಮಟ್ಟಿಗೆ ಸದ್ದಾಗಿ ಹೊರಡುತ್ತದೆ ಎಂಬ ಅಂಕಿಯಿಂದ) ಗುಣಿಸಿ ಕೂಡು. ಸಮತಟ್ಟಾದ ತಗಡು ಗಟ್ಟಿ ಗೋಡೆಯಲ್ಲಿ ಕೂತಿದೆ ಎಂದಿಟ್ಟುಕೊಂಡರೆ ಈ ರೋಧ ದೂರದೊಂದಿಗೆ ಸೈನ್ ಕೆಆರ್ ಭಾಗಿಸು ಕೆಆರ್ ಎಂಬಂತೆ ಬದಲಾಗುತ್ತದೆ; ಆರ್ ಎಂದರೆ ನಡುವಿನ ದೂರ, ಕೆ ಎಂದರೆ 2π ಭಾಗಿಸು ಸದ್ದಿನ ತರಂಗಾಂತರ. ನಿಜವಾದ ಡಕ್ಟ್ ಡಬ್ಬಿಯಾಕಾರದ್ದು, ಅದಕ್ಕೆ ಮುಂದೆ ಬೌಂಡರಿ ಎಲಿಮೆಂಟ್ (ಮೇಲ್ಮೈಯನ್ನು ಸಣ್ಣ ಚೂರುಗಳಾಗಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ) ಬಳಸುವೆಯಂತೆ.

ಸರಾಸರಿ ತೆಗೆಯುವಾಗ ಅವಸರ ಬೇಡ. ಒಂದೇ ತುಣುಕು ರೆಕಾರ್ಡಿಂಗ್ ತೆಗೆದುಕೊಂಡರೆ ಯಾವ ಎರಡು ಸಿಗ್ನಲ್‌ಗಳ ನಡುವೆಯೂ ಕೊಹೆರೆನ್ಸ್ (ಸಂಬಂಧ ಎಷ್ಟು ಗಟ್ಟಿ ಎಂಬ 0ರಿಂದ 1ರವರೆಗಿನ ಅಳತೆ) 1 ಎಂದೇ ಬರುತ್ತದೆ, ಸಂಬಂಧ ಇರಲಿ ಬಿಡಲಿ. 100 ತುಣುಕುಗಳ ಸರಾಸರಿಗೂ ಸ್ಪೆಕ್ಟ್ರಮ್‌ನಲ್ಲಿ ಶೇಕಡಾ 10ರಷ್ಟು ಏರುಪೇರು ಉಳಿಯುತ್ತದೆ. ಬ್ಲೋವರ್ ಇನ್ನಷ್ಟು ಹೊತ್ತು ಓಡಲಿ, ಕಾಯಿ.

ಸೆನ್ಸರ್‌ಗಳನ್ನು 15 ಸೆಂ.ಮೀ.ಗೊಂದು ಇಟ್ಟಿದ್ದೀಯ. 1 ಮಿ.ಮೀ. ಉಕ್ಕಿನ ತಗಡಿನಲ್ಲಿ 1000 ಹರ್ಟ್ಸ್‌ಗೆ ಬಾಗುವ ಅಲೆಯ ಉದ್ದವೇ ಸುಮಾರು 10 ಸೆಂ.ಮೀ. ಒಂದು ಅಲೆಗೆ ಎರಡಕ್ಕಿಂತ ಹೆಚ್ಚು ಅಳತೆ ಸಿಗಬೇಕು, ಅಂದಮೇಲೆ ಎರಡು ಸೆನ್ಸರ್‌ಗಳ ನಡುವೆ 5 ಸೆಂ.ಮೀ.ಗಿಂತ ಕಡಿಮೆ ಅಂತರವಿರಬೇಕು. ಅಷ್ಟು ಸೆನ್ಸರ್ ಸಿಗದಿದ್ದರೆ ಆವರ್ತನದ ಮಿತಿಯನ್ನೇ ಇಳಿಸಿಕೊ, ಅದರಲ್ಲಿ ಅವಮಾನವೇನೂ ಇಲ್ಲ. ಅಂಚು ಮತ್ತು ಮೂಲೆಗಳನ್ನು ಮಾತ್ರ ಬಿಡಬೇಡ. ಈ ತಗಡಿನ ಕ್ರಾಂತಿಕ ಆವರ್ತನ, ಅಂದರೆ ಬಾಗುವ ಅಲೆಯ ವೇಗ ಗಾಳಿಯಲ್ಲಿನ ಸದ್ದಿನ ವೇಗಕ್ಕೆ ಸಮವಾಗುವ ಆವರ್ತನ, 12 ಕಿಲೋಹರ್ಟ್ಸ್ ಆಸುಪಾಸು. ಅದಕ್ಕಿಂತ ಬಹಳ ಕಡಿಮೆ ಆವರ್ತನಗಳಲ್ಲಿ ನಡುಭಾಗದ ಉಬ್ಬುತಗ್ಗುಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಸದ್ದು ಬಹುಪಾಲು ಹೊರಡುವುದು ಅಂಚುಗಳಿಂದಲೇ. ಫ್ಲೇಂಜಿಗೆ (ಡಕ್ಟಿನ ಭಾಗಗಳನ್ನು ಜೋಡಿಸುವ ಅಂಚುಪಟ್ಟಿಗೆ) ಬೋಲ್ಟ್ ಹೇಗೆ ಬಿಗಿದಿದೆ ಎಂಬುದನ್ನೂ ಬರೆದಿಟ್ಟುಕೊ.

ಮೊದಲು ಎರಡು ತುಂಡುಗಳ ಲೆಕ್ಕವನ್ನು ಕೈಯಲ್ಲೇ ಮಾಡಿ ನನಗೆ ಕಳಿಸು. ಅದು ಸರಿಬಂದ ಮೇಲೆ ಕೋಡ್ ಬರೆಯಲು ಕೂರು.

ಇತಿ ನಿನ್ನ ಮಾವ