ಮಂಜನಿಗೆ: ಓಟಿನ ಪಾಠ ಮತ್ತು ನಮ್ಮವ್ವ

ಪ್ರೀತಿಯ ಮಂಜ,

ಫೋನ್ ಮಾಡಿದರೆ ನೀನು ಅರ್ಧ ಮಾತಿನಲ್ಲೇ "ಇರು, ಗಿರಾಕಿ ಬಂದ್ರು" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕುತ್ತಿರುವುದೂ ಬೇಕಂತಲೇ. ಮೇಷ್ಟ್ರ ಕೆಲಸ ಬಿಟ್ಟು ಬೇಕರಿ ಹಾಕಿದವನು ನೀನು, ಕ್ಲಾಸಿನ ಕಥೆ ಕೇಳದೆ ಇರಲಾರದವನೂ ನೀನೇ. ನಮ್ಮ ಬಿ.ಎಡ್. ಬ್ಯಾಚಿನವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದೇ ಮಾತು: ನೀಲಿ ಬಕೆಟ್ಟಿನ ವಿಷಯ ಯಾರೂ ಎತ್ತಬೇಡಿ.

ಈಗ ಒಂಬತ್ತನೇ ಕ್ಲಾಸಿನವರಿಗೆ ಮತದಾನದ ಹಕ್ಕು ಹೇಗೆ ಬಂತು ಅಂತ ಹೇಳುತ್ತಿದ್ದೇನೆ. ಪರೀಕ್ಷೆಗೆ ಬೇಕಾದಷ್ಟೇ ಹೇಳುವುದಾದರೆ ಒಂದು ಪೀರಿಯಡ್ ಸಾಕು. ಸಂವಿಧಾನದ 326ನೇ ವಿಧಿ. ಮೊದಲು 21 ವರ್ಷ ತುಂಬಿರಬೇಕಿತ್ತು, 61ನೇ ತಿದ್ದುಪಡಿಯಿಂದ 1989ರಲ್ಲಿ 18 ಆಯಿತು. ಬರೆದುಕೊಳ್ಳಿ. ಅಷ್ಟು ಹೇಳಿ ಬೋರ್ಡು ಒರೆಸುವಷ್ಟರಲ್ಲಿ, ಕ್ಲಾಸಿಗೇ ಫಸ್ಟ್ ಬರುವ ಹುಡುಗ ಎದ್ದು ನಿಂತ.

"ಸಾರ್, ಓದು ಬರಹ ಬರದೇ ಇರೋರಿಗೆಲ್ಲ ಓಟ್ ಯಾಕ್ ಸಾರ್? ದುಡ್ಡು ಇಸ್ಕೊಂಡು ಹಾಕ್ತಾರೆ. ಒಂದು ಪರೀಕ್ಷೆ ಇಟ್ಟು, ಪಾಸಾದೋರಿಗೆ ಮಾತ್ರ ಕೊಡ್ಬೇಕು."

ಅರ್ಧ ಕ್ಲಾಸು ಹೌದು ಹೌದು ಅಂದಿತು. ಹುಡುಗ ಒಳ್ಳೆಯವನೇ. ಮನೆಯಲ್ಲಿ ಕೇಳಿದ್ದನ್ನು ಇಲ್ಲಿ ಹೇಳಿದ, ಅಷ್ಟೇ. ಇದೇ ಮಾತನ್ನು ನಾವಿಬ್ಬರೂ ಬಸ್ಸಿನಲ್ಲಿ ಕೇಳಿದ್ದೇವೆ, ಮದುವೆ ಮನೆಯಲ್ಲಿ ಕೇಳಿದ್ದೇವೆ, ನಿನ್ನ ಬೇಕರಿ ಮುಂದೆ ಟೀ ಕುಡಿಯುವವರ ಬಾಯಲ್ಲೂ ಕೇಳಿದ್ದೇವೆ ಅಲ್ವಾ?

ಸರಿ, ಪರೀಕ್ಷೆ ಇಡೋಣ ಅಂದೆ.

ಅಮೆರಿಕದ ಲೂಸಿಯಾನಾ ರಾಜ್ಯದ 1964ರ ಒಂದು ಪ್ರಶ್ನೆಪತ್ರಿಕೆ ಇದೆ. ಐದನೇ ಕ್ಲಾಸಿನವರೆಗೆ ಓದಿದ್ದಕ್ಕೆ ದಾಖಲೆ ತೋರಿಸಲಾಗದವರು ಓಟಿನ ಪಟ್ಟಿಗೆ ಹೆಸರು ಸೇರಿಸಲು ಬಂದರೆ ಕೊಡಲು ಮಾಡಿದ್ದು. 30 ಪ್ರಶ್ನೆ, 10 ನಿಮಿಷ. ಒಂದು ತಪ್ಪಾದರೂ ಫೇಲು. ಅದೇ ಧಾಟಿಯಲ್ಲಿ ಕನ್ನಡದಲ್ಲಿ ಒಂದು ತಯಾರು ಮಾಡಿ, ಜೆರಾಕ್ಸ್ ಮಾಡಿಸಿ ಹಂಚಿದೆ. "ಈ ಸಾಲಿನ ಕೊನೆಯ ಪದದ ಕೆಳಗೆ ಗೆರೆ ಎಳೆಯಿರಿ." "ಒಂದರೊಳಗೊಂದು ಬರುವಂತೆ ಮೂರು ವೃತ್ತ ಬರೆಯಿರಿ." ಇಂಥವೇ ಎಲ್ಲ. ಮೊದಲು ನಕ್ಕರು. ಆಮೇಲೆ ಒಬ್ಬಳು ಕೇಳಿದಳು, "ಸಾರ್, ಗೆರೆ ಚುಕ್ಕಿ ಕೆಳಗೂ ಎಳೀಬೇಕಾ?" ಮಾರ್ಕ್ಸ್ ಹಾಕುವವನು ನಾನು ಅಂದೆ. ಬೇರೇನೂ ಹೇಳಲಿಲ್ಲ. ಒಬ್ಬರೂ ಪಾಸಾಗಲಿಲ್ಲ. ಗೆರೆ ಚುಕ್ಕಿಯ ಕೆಳಗೂ ಹೋಗಿದೆ ಅಂತ ಆ ಹುಡುಗನಿಗೆ ತಪ್ಪು ಹಾಕಿದೆ. ಹಾಗೇ ಎಳೆದಿದ್ದ ಪಕ್ಕದವನಿಗೆ ರೈಟ್ ಹಾಕಿದೆ.

"ಇದು ಮೋಸ ಸಾರ್!" ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು.

ಹೌದು, ಮೋಸವೇ ಅಂದೆ. ಅಲ್ಲಿಂದ ಪಾಠ ತಾನಾಗಿ ಹೊರಟಿತು. ಬಣ್ಣ ನೋಡಿ ಓಟು ತಪ್ಪಿಸಬಾರದು ಅಂತ ಅಮೆರಿಕದವರು ಸಂವಿಧಾನದಲ್ಲಿ ಬರೆದುಕೊಂಡಿದ್ದು 1870ರಲ್ಲಿ. ಆದರೂ ದಕ್ಷಿಣದ ರಾಜ್ಯಗಳಲ್ಲಿ ಓಟಿಗೆ ತೆರಿಗೆ ಕಟ್ಟು, ಸಂವಿಧಾನದ ಈ ಪ್ಯಾರಾ ಓದಿ ಅರ್ಥ ಹೇಳು ಅಂತ ನೂರೆಂಟು ನೆಪ. ಹೇಳಿದ್ದು ಸರಿಯೋ ತಪ್ಪೋ ಅಂತ ತೀರ್ಮಾನಿಸುವವನು ಕೌಂಟರಿನ ಆಚೆ ಕೂತ ಬಿಳಿಯ ಗುಮಾಸ್ತ. 1965ಕ್ಕೆ ಮುಂಚೆ ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ, ಓಟು ಹಾಕುವ ವಯಸ್ಸಿನ ಕಪ್ಪು ಜನರ ಪೈಕಿ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ ಏಳರಷ್ಟೂ ಇರಲಿಲ್ಲ. ಆ ವರ್ಷ ಮಾರ್ಚ್ 7ರಂದು ಪಕ್ಕದ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆ ಮೇಲೆ, ಓಟು ಕೇಳಿ ನಡೆದು ಹೊರಟವರನ್ನು ಪೊಲೀಸರು ಲಾಠಿಯಲ್ಲಿ ಬಡಿದರು. ಆಗಸ್ಟ್ 6ಕ್ಕೆ ಹೊಸ ಕಾನೂನು ಬಂತು. ಇನ್ನೆರಡು ವರ್ಷದಲ್ಲಿ ಮಿಸಿಸಿಪ್ಪಿಯಲ್ಲಿ ಆ ಲೆಕ್ಕ ಅರ್ಧಕ್ಕಿಂತ ಜಾಸ್ತಿ ಆಯಿತು. ಎರಡೇ ವರ್ಷದಲ್ಲಿ ಅಷ್ಟೊಂದು ಜನ ಹೇಗೆ ಓದು ಕಲಿತರು ಅಂತ ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: "ಕಲೀಲಿಲ್ಲ ಸಾರ್, ಪರೀಕ್ಷೆ ತೆಗೆದ್ರು."

ಆ ಉತ್ತರ ಕೊಟ್ಟವನು ಗಣಿತದಲ್ಲಿ ಪಾಸಾಗುವುದೇ ಕಷ್ಟ. ನನಗೆ ಅವತ್ತು ಎಷ್ಟು ಖುಷಿಯಾಯಿತು ಗೊತ್ತಾ?

ಆಮೇಲೆ ನಮ್ಮ ಕಡೆಗೆ ಬಂದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು ಅಂದರೆ ನಮ್ಮ ಮಕ್ಕಳ ಎದೆ ಉಬ್ಬುತ್ತದೆ. ಉಬ್ಬಲಿ, ಹೆಮ್ಮೆಯ ವಿಷಯವೇ. ಆದರೆ ಅಲ್ಲಿ ಕೂತವರು ಜಮೀನಿದ್ದವರು, ವ್ಯಾಪಾರಸ್ಥರು. ಬ್ರಿಟಿಷರ 1935ರ ಕಾಯ್ದೆಯಲ್ಲೂ ಓಟು ಸಿಕ್ಕಿದ್ದು ಆಸ್ತಿ, ತೆರಿಗೆ, ಓದು ನೋಡಿ. ಹೆಂಗಸರಿಗೆ ಎಷ್ಟೋ ಕಡೆ ಗಂಡನ ಆಸ್ತಿ ನೋಡಿ. 1917ರಲ್ಲಿ ಮದ್ರಾಸಿನಲ್ಲಿ ಸರೋಜಿನಿ ನಾಯ್ಡು ಮತ್ತು ಜೊತೆಯವರು ಬ್ರಿಟಿಷ್ ಸರ್ಕಾರದಲ್ಲಿ ಭಾರತದ ವ್ಯವಹಾರ ನೋಡುತ್ತಿದ್ದ ಮಂತ್ರಿ ಮಾಂಟೆಗು ಅವರ ಮುಂದೆ ಹೋಗಿ ಹೆಂಗಸರಿಗೂ ಓಟು ಕೊಡಿ ಅಂತ ಕೇಳಿದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೇ ನಿಂತರು. ಸ್ವಲ್ಪದರಲ್ಲಿ ಸೋತರು. ಅಂಬೇಡ್ಕರ್ 1928ರಲ್ಲಿ ಬ್ರಿಟಿಷರು ಕಳಿಸಿದ್ದ ಸೈಮನ್ ಆಯೋಗದ ಮುಂದೆ, ವಯಸ್ಸಿಗೆ ಬಂದ ಎಲ್ಲರಿಗೂ ಓಟು ಬೇಕು ಅಂದರು. ಅದರ ಹಿಂದಿನ ವರ್ಷವೇ ಈಗಿನ ಮಹಾರಾಷ್ಟ್ರದ ಮಹಾಡ ಊರಿನ ಚವದಾರ್ ಕೆರೆಗೆ ಜನರ ಜೊತೆ ನಡೆದು ಹೋಗಿ ನೀರು ಕುಡಿದಿದ್ದರು. ಆ ಕೆರೆ ಎಲ್ಲರಿಗೂ ತೆರೆದಿದೆ ಅಂತ ಪುರಸಭೆ ಅದಕ್ಕೂ ಮೊದಲೇ ಗೊತ್ತುವಳಿ ಮಾಡಿ ಇಟ್ಟಿತ್ತು. ಕಾಗದದಲ್ಲಿ ತೆರೆದ ಕೆರೆಗೆ ಜನ ಕೈ ಹಾಕಿದ್ದಕ್ಕೆ ಏಟು ತಿಂದರು. ಕೋರ್ಟಿನಲ್ಲಿ ಕೇಸು ಮುಗಿಯಲು 1937 ಆಯಿತು. ಇದನ್ನು ಹೇಳಿದಾಗ ಕ್ಲಾಸು ಸುಮ್ಮನಾಯಿತು. ನಮ್ಮೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಆದಮೇಲೆ, ಈ ದೇಶದಲ್ಲಿ ನೂರಕ್ಕೆ 18 ಜನಕ್ಕಷ್ಟೇ ಓದು ಬರಹ ಬರುತ್ತಿದ್ದ ಕಾಲದಲ್ಲಿ, ಎಲ್ಲರಿಗೂ ಓಟು ಅಂತ ಬರೆದುಬಿಟ್ಟರು. ಗೊತ್ತಿಲ್ಲದೆ ಬರೆದದ್ದಲ್ಲ ಮಂಜ. ಸಂವಿಧಾನ ಸಭೆಯಲ್ಲಿ ಇದ್ದವರಿಗೆ ಜನರ ಬಡತನ, ಹೆಬ್ಬೆಟ್ಟು ಎಲ್ಲ ಗೊತ್ತಿತ್ತು. ಅನುಮಾನ ಪಟ್ಟವರೂ ಇದ್ದರು. ಆದರೂ ಬರೆದರು. 1952ರ ಮೊದಲ ಚುನಾವಣೆಗೆ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ 17 ಕೋಟಿಗಿಂತ ಹೆಚ್ಚು ಜನರ ಪಟ್ಟಿ ಮಾಡಿಸಿದರು. ಓದಲು ಬಾರದವರಿಗೆ ಅಂತ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಜೋಡೆತ್ತು, ಗುಡಿಸಲು, ಆನೆ. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬಂದರಾಯಿತು. ಜನ ಚುನಾವಣೆಗೆ ತಯಾರಿಲ್ಲ ಅಂತ ಕೈಕಟ್ಟಿ ಕೂರದೆ, ಚುನಾವಣೆಯನ್ನೇ ಜನರಿಗೆ ತಕ್ಕ ಹಾಗೆ ತಯಾರು ಮಾಡಿದರು. ನನಗೆ ಇದರಷ್ಟು ದೊಡ್ಡ ಕೆಲಸ ನಮ್ಮ ದೇಶದಲ್ಲಿ ಇನ್ನೊಂದು ಕಾಣಿಸುವುದಿಲ್ಲ. ಬಿಟ್ಟುಹೋದವರೂ ಇದ್ದರು. ಉತ್ತರದ ಕಡೆ ಎಷ್ಟೋ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಹೇಳಿದರೇ ಹೊರತು ಸ್ವಂತ ಹೆಸರು ಹೇಳಲಿಲ್ಲ. ಹಾಗೆ ಪಟ್ಟಿಯಿಂದ ಹೊರಗುಳಿದವರು ಸುಮಾರು 28 ಲಕ್ಷ.

ಅವತ್ತು ಬೆಲ್ ಹೊಡೆದ ಮೇಲೆ ಒಬ್ಬಳು ಹುಡುಗಿ ಉಳಿದುಕೊಂಡಳು. ಕ್ಲಾಸಿನಲ್ಲಿ ಬಾಯಿ ಬಿಡುವವಳಲ್ಲ. "ಸಾರ್, ಓಟ್ ಹಾಕೋ ಕಡೆ ಹೆಬ್ಬೆಟ್ಟು ಒತ್ತುವಾಗ ಎಲ್ರೂ ನೋಡ್ತಾರಾ?" ಅಂದಳು. ಯಾಕಮ್ಮ ಅಂದೆ. "ನಮ್ಮವ್ವ ಅದಕ್ಕೇ ಹೋಗಲ್ಲ ಅಂತಾಳೆ."

ಎಲೆಕ್ಷನ್ ಡ್ಯೂಟಿ ಮಾಡಿ ಮಾಡಿ ನನಗೆ ಆ ಮೇಜು ಕಣ್ಣಿಗೆ ಕಟ್ಟಿದ ಹಾಗಿದೆ. ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. ಮೊದಲನೆಯವನು ಪಟ್ಟಿ ನೋಡಿ ಹೆಸರು ಕೂಗುತ್ತಾನೆ. ಎರಡನೆಯವನು ಎಡಗೈ ತೋರುಬೆರಳಿಗೆ ಇಂಕು ಹಚ್ಚುತ್ತಾನೆ, ನಮ್ಮ ಮೈಸೂರಿನ ಫ್ಯಾಕ್ಟರಿಯಲ್ಲೇ ತಯಾರಾಗುವ ಇಂಕು. ರಿಜಿಸ್ಟರಿನಲ್ಲಿ ಸಹಿ ಬಂದರೆ ಸಹಿ, ಇಲ್ಲದಿದ್ದರೆ ಹೆಬ್ಬೆಟ್ಟು. ಸಹಿಗೂ ಹೆಬ್ಬೆಟ್ಟಿಗೂ ಅದೇ ಕಾಲಮ್ಮು. ಸಾಯಂಕಾಲ ಲೆಕ್ಕ ಹಾಕುವಾಗ ಎರಡಕ್ಕೂ ಒಂದೇ ಓಟು. ಅವಳು ತಲೆಯಾಡಿಸಿ ಹೋದಳು. ಅವರವ್ವನಿಗೆ ಹೇಳಿದಳೋ ಇಲ್ಲವೋ.

ಮಂಜ, ಮುಂದಿನದನ್ನು ನಿನಗೂ ಇದುವರೆಗೆ ಹೇಳಿಲ್ಲ. 1994ರ ವಿಧಾನಸಭೆ ಚುನಾವಣೆ. ನಾನಾಗ ಹತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೀಸಿಗೆ ಮನೆಯಲ್ಲಿ ದುಡ್ಡಿರಲಿಲ್ಲ. ಓಟಿನ ಹಿಂದಿನ ರಾತ್ರಿ ನಮ್ಮ ಕೇರಿಗೆ ಜನ ಬಂದರು. ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ನೋಟು ಕೊಟ್ಟು ಹೋದರು. ಅವ್ವ ಇಸಿದುಕೊಂಡು ಸೀರೆ ಸೆರಗಿಗೆ ಗಂಟು ಹಾಕಿದಳು. ನಾನು ಎಸ್ಸೆಸ್ಸೆಲ್ಸಿ ಬರೆದದ್ದು ಆ ದುಡ್ಡಿನಲ್ಲಿ. ಬಿ.ಎಡ್.ಗೆ ಬಂದದ್ದು, ನಿನ್ನ ಪರಿಚಯ ಆದದ್ದು, ಈಗ ಹಕ್ಕಿನ ಪಾಠ ಮಾಡುತ್ತಿರುವುದು ಎಲ್ಲ ಅದರ ಮೇಲೆಯೇ ನಿಂತಿದೆ.

ಬೆಳಿಗ್ಗೆ ಅವಳು ಮೇಲಿನ ಬೀದಿಯ ಸ್ಕೂಲಿಗೆ ಓಟು ಹಾಕಲು ಹೋದಳು. ನಮ್ಮೂರಿನ ಟೀ ಅಂಗಡಿಯಲ್ಲಿ ಆಗ ನಮಗೆ ಲೋಟ ಬೇರೆ. ಆದರೆ ಅವತ್ತಿನ ಸಾಲಿನಲ್ಲಿ ಅವ್ವನ ಹಿಂದೆ ಅವಳು ಕೂಲಿಗೆ ಹೋಗುತ್ತಿದ್ದ ಮನೆಯ ಯಜಮಾನಿ. ಹಿಂದಕ್ಕೆ ಹೋಗು ಅಂತ ಯಾರೂ ಅನ್ನಲಿಲ್ಲ. ಇದನ್ನು ಅವ್ವ ಎಷ್ಟು ಸಲ ಹೇಳಿದ್ದಾಳೋ. ಒಳಗೆ ಯಾರಿಗೆ ಮುದ್ರೆ ಒತ್ತಿದಳು ಅಂತ ಮಾತ್ರ ಇವತ್ತಿಗೂ ಹೇಳಿಲ್ಲ. ಅಪ್ಪನಿಗೂ ಹೇಳಲಿಲ್ಲ. ನಾನು ಕೇಳಿದ್ದಕ್ಕೆ "ನಿಂಗ್ಯಾಕೆ ಅದು, ಓದ್ಕೊ ಹೋಗು" ಅಂದಳು.

ಆ ಹುಡುಗನ ಪರೀಕ್ಷೆ ಇಟ್ಟಿದ್ದರೆ ಅವ್ವ ಫೇಲು. ದುಡ್ಡು ಇಸ್ಕೊಂಡ್ಯಾ ಅಂತ ಕೇಳಿದ್ದರೂ ಫೇಲು. ಅವತ್ತು ರಾತ್ರಿ ನೋಟು ಹಂಚಲು ಬಂದವರಿಗೆಲ್ಲ ಓದು ಬರಹ ಚೆನ್ನಾಗಿಯೇ ಬರುತ್ತಿತ್ತು, ಮಂಜ. ಲಿಸ್ಟ್ ಹಿಡಿದುಕೊಂಡು ಟಿಕ್ ಹಾಕುತ್ತಿದ್ದರು. ಅವರ ಓಟು ಕಿತ್ತುಕೊಳ್ಳಿ ಅಂತ ಯಾವ ಮದುವೆ ಮನೆಯಲ್ಲೂ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಓಟಿಗೆ ದುಡ್ಡು ತೆಗೆದುಕೊಳ್ಳುವುದು ಸರಿ ಅಂತ ಮಕ್ಕಳಿಗೆ ಹೇಳಲು ನನ್ನಿಂದ ಆಗುವುದಿಲ್ಲ. ಅದು ತಪ್ಪು, ಕಾನೂನಿನ ಪ್ರಕಾರ ಅಪರಾಧವೂ ಹೌದು. ಆದರೆ ಹಾಗೆ ಹೇಳುವಾಗ ಅವ್ವನ ಸೆರಗಿನ ಗಂಟು ನೆನಪಾಗಿ ಗಂಟಲು ಕಟ್ಟುತ್ತದೆ. ಈ ಕಥೆಯನ್ನು ಕ್ಲಾಸಿನಲ್ಲಿ ಹೇಳಲಾ ಬೇಡವಾ ಅಂತ ತುಂಬಾ ದಿನದಿಂದ ಯೋಚಿಸುತ್ತಿದ್ದೇನೆ. ಹೇಳಿದರೆ ಆ ಹುಡುಗಿಗೆ ಧೈರ್ಯ ಬರಬಹುದು. ಅಥವಾ ಅವ್ವನ ಬಗ್ಗೆ ಊರೆಲ್ಲ ಮಾತಾಡಬಹುದು. ಕ್ಲಾಸಿನಲ್ಲಿ ಹೇಳಲು ಹಿಂದೆ ಮುಂದೆ ನೋಡಿದವನು ಇಲ್ಲಿ ಎಲ್ಲರ ಮುಂದೆ ಬರೆದುಬಿಟ್ಟೆ. ನೀನೇನು ಅನ್ನುತ್ತೀಯ? ನಿಜವಾಗಿ ಕೇಳುತ್ತಿದ್ದೇನೆ.

ಸಾಕು ಬಿಡು. ಬರೆಯಬೇಕು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಆಯಿತು. ಖುಷಿಯ ವಿಷಯ ಹೇಳುತ್ತೇನೆ ಕೇಳು. ಈ ಸಲ ಶಾಲಾ ಸಂಸತ್ತಿನ ಚುನಾವಣೆಯನ್ನು 1952ರ ಥರ ಮಾಡುತ್ತಿದ್ದೇವೆ. ಒಬ್ಬೊಬ್ಬರಿಗೂ ಒಂದೊಂದು ಡಬ್ಬ, ಅದರ ಮೇಲೆ ಚಿಹ್ನೆ. ಟ್ರ್ಯಾಕ್ಟರ್ ಚಿಹ್ನೆಗೆ ಮೂವರು ಜಗಳಕ್ಕೆ ಬಿದ್ದು ಚೀಟಿ ಎತ್ತಿಸಬೇಕಾಯಿತು. ಪರೀಕ್ಷೆ ಇಡಿ ಅಂದಿದ್ದ ಹುಡುಗನೇ ಚುನಾವಣಾಧಿಕಾರಿ. ಒಂದನೇ ಕ್ಲಾಸಿನ ಪುಟಾಣಿಗಳಿಗೂ ಓಟು ಇರಬೇಕು ಅಂತ ಹೆಡ್‌ಮಾಸ್ಟರ ಹತ್ತಿರ ವಾದ ಮಾಡಿ ಒಪ್ಪಿಸಿ ಬಂದಿದ್ದಾನೆ. ಅವರು ಚಿತ್ರ ನೋಡಿ ಹಾಕುತ್ತಾರೆ ಸಾರ್, ಓದು ಯಾಕೆ ಬೇಕು ಅಂದನಂತೆ.

ಈಗ ನಿನ್ನ ಕೆಲಸ. ಆರು ಖಾಲಿ ರಸ್ಕ್ ಡಬ್ಬ ಬೇಕು, ಮುಚ್ಚಳ ಬಿಗಿಯಾಗಿರುವವು. ಶುಕ್ರವಾರದ ರಾತ್ರಿ ಬಸ್ಸಿಗೆ ಹಾಕು, ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತೇನೆ. ಆದರೆ ಒಂದರಲ್ಲಿ ರಸ್ಕ್ ಇರಲಿ. ಅವ್ವ ಕೇಳಿದಳು.

ಇಂತಿ ನಿನ್ನ,
ಎರಡನೇ ಬೆಂಚಿನ ಪಾಯಸ