ಕಾಗುಣಿತದ ತಪ್ಪು ಬೇರೆ, ಆಡುಮಾತು ಬೇರೆ

ಮಾನ್ಯ ಸಂಪಾದಕರೆ,

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಕಟ್ಟಿರುವ ಹುಟ್ಟುಹಬ್ಬದ ಫ್ಲೆಕ್ಸೊಂದರಲ್ಲಿ ಆಳೆತ್ತರದ ಅಕ್ಷರಗಳಲ್ಲಿ ‘ಹಾರ್ಧಿಕ ಶುಭಾಷಯಗಳು’ ಎಂದಿದೆ. ಶುಭ ಮತ್ತು ಆಶಯ ಸೇರಿ ‘ಶುಭಾಶಯ’ವಾಯಿತೆಂಬುದು, ಹೃದಯದಿಂದ ಬಂದದ್ದು ‘ಹಾರ್ದಿಕ’ವೆಂಬುದು ಬರೆಸುವವರಿಗೂ ಮುದ್ರಿಸುವವರಿಗೂ ತಿಳಿಯದೆ ಹೋದರೆ, ಅದೇ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ತಪ್ಪನ್ನೇ ಸರಿಯೆಂದು ಕಲಿಯುತ್ತಾರೆ, ಶಿಕ್ಷಕಿಯಾಗಿದ್ದಾಗ ಈ ‘ಷ’ವನ್ನು ಉತ್ತರಪತ್ರಿಕೆಗಳಲ್ಲಿ ಎಷ್ಟು ಸಲ ತಿದ್ದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಆದರೆ ನಮ್ಮ ಭಾಗದವರು ‘ಬರ್ಲಾಕತ್ತೀನಿ’ ಎಂದೊಡನೆ ಅದನ್ನು ಅಶುದ್ಧವೆಂದು ಹಂಗಿಸುವುದನ್ನು ನಾನು ಒಪ್ಪಲಾರೆ. ‘ಬರಲಿಕ್ಕೆ ಹತ್ತಿದ್ದೇನೆ’, ಅಂದರೆ ‘ಬರುತ್ತಿದ್ದೇನೆ’ ಎಂಬುದರ ಸಹಜ ರೂಪವದು. ಹಳಗನ್ನಡದ ‘ಪಾಲ್’ ಇಂದು ‘ಹಾಲು’ ಆಗಿರುವುದನ್ನು ಯಾರೂ ದೋಷವೆನ್ನುವುದಿಲ್ಲ. ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ ‘ಕವಿರಾಜಮಾರ್ಗ’ವು, ಕನ್ನಡದ ದೇಸಿಗಳು, ಅಂದರೆ ಆಯಾ ಪ್ರದೇಶದ ನುಡಿರೂಪಗಳು, ಬೇರೆ ಬೇರೆಯಾಗಿರುವುದರಿಂದ ಅವುಗಳಲ್ಲಿನ ದೋಷಗಳು ಇಷ್ಟೇ ಎಂದು ತಿಳಿಯಲಾಗದೆ ಸರ್ಪರಾಜ ವಾಸುಕಿಯೂ ಬೇಸತ್ತಾನೆಂದು 9ನೇ ಶತಮಾನದಲ್ಲೇ ಹೇಳಿದೆ.

ಆಡುಮಾತನ್ನು ಅದರ ಪಾಡಿಗೆ ಬಿಟ್ಟು, ಫ್ಲೆಕ್ಸ್ ಮುದ್ರಣಕ್ಕೆ ಮುನ್ನ ಕನ್ನಡ ಬಲ್ಲವರಿಂದ ಕರಡು ತಿದ್ದಿಸಬೇಕೆಂದು ಮಹಾನಗರ ಪಾಲಿಕೆಯು ಅನುಮತಿ ಕೊಡುವಾಗಲೇ ಸೂಚಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಕನ್ನಡ ಶಿಕ್ಷಕಿ, ಕಲಬುರಗಿ